ಮಾವನ ಇನ್ನೊಬ್ಬ ತಾಯಿ

ನನ್ನ ಸೋದರಮಾವ ಕೆಟ್ಟವನು ಎಂದು ಹೇಳಿಕೊಳ್ಳಲು ನನಗೆ ಬಹಳ ಹೆಮ್ಮೆ. ಹುಮನಾಬಾದಿನ ಟಾಕೀಸಿನ ಎದುರು ಪೋಸ್ಟರಿನಲ್ಲಿ ಅವನ ಮುಖ ಆಳೆತ್ತರ ನಿಂತಿರುತ್ತಿತ್ತು. ಯಾರಾದರೂ ಮೂಗಿನ ಹೋಲಿಕೆ ಗುರುತಿಸಲಿ ಎಂದು ನಾನು ಅದರ ಕೆಳಗೆ ಕಾರಣವಿಲ್ಲದೆ ಅಡ್ಡಾಡುತ್ತಿದ್ದೆ. ಒಬ್ಬರೂ ಗುರುತಿಸಲಿಲ್ಲ.

ಶಿವಪ್ಪಮಾವ ಹುಡಗಿ ಗ್ರಾಮದವನು. ಬಟ್ಟೆ ಅಂಗಡಿಯ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿ, ಅಲ್ಲಿ ನಾಟಕದ ಹುಚ್ಚು ಹಿಡಿದು ಮದ್ರಾಸು ಸೇರಿದ. ನಾಯಕನಾಗಲೆಂದೇ ಹೋದದ್ದು, ಎರಡು ಹುಬ್ಬು ಕೂಡಿಕೊಂಡಿದ್ದರಿಂದ ಖಳನಾದ. ಹದಿನೈದು ವರ್ಷ ತೆಲುಗು ಚಿತ್ರಗಳಲ್ಲಿ ಬಣವೆ ಸುಟ್ಟ, ಕೆರೆ ಒಡೆದ, ಕೊನೆಗೆ ತಪ್ಪದೆ ಏಟು ತಿಂದ. ಊರಿಗೆ ಬಂದರೆ ಹಲ್ಲಿ ಕಂಡು ಮಂಚ ಹತ್ತುವ ಪ್ರಾಣಿ.

ತೊಂದರೆ ಎದ್ದದ್ದು ಅವನ ಮಗಳು ಶಾಂತಾಳ ಮದುವೆಯ ಮಾತುಕತೆಯಲ್ಲಿ. ಮೋರಖಂಡಿಯ ಹುಡುಗ ಬಸವಕಲ್ಯಾಣದ ಶಾಲೆಯಲ್ಲಿ ನನ್ನ ಜೊತೆ ಮಾಸ್ತರ. ಸಂಬಂಧ ಕುದುರಿಸಿದವನು ನಾನೇ. ಹುಡುಗ ಒಪ್ಪಿದ್ದ, ಅವನ ಹೆಸರು ಕೇಳಿದರೆ ಸಾಕು, ಶಾಂತಾ ಒಳಗೆ ಓಡುತ್ತಿದ್ದಳು. ಮಾತು ಮುಗಿಸಲು ಬಂದ ಹುಡುಗನ ಅಜ್ಜಿ, ಮಾವನ ಮುಖ ಕಂಡವಳೇ ಚಹಾ ಕೆಳಗಿಟ್ಟಳು.

"ಇವನಾ? ಹೆತ್ತವ್ವನ್ನ ಮಳ್ಯಾಗ ಹೊರಗ ಹಾಕಿದಾಂವ! ಈ ಮನಿ ಹೆಣ್ಣು ನಮಗ ಬ್ಯಾಡ."

ಹಿಂದಿನ ತಿಂಗಳಷ್ಟೇ ಅವಳು ಮಾವನ ಆ ಚಿತ್ರ ನೋಡಿದ್ದಳು. ತೆಲುಗು ಬಾರದು. ಮಳೆ, ಮುದುಕಿ, ಮುಚ್ಚಿದ ಬಾಗಿಲು, ಇವಕ್ಕೆ ತೆಲುಗು ಯಾಕೆ ಬೇಕು?

"ಅದು ಸಿನೆಮಾರೀ ಆಯಿ," ಎಂದೆ ನಾನು.

"ಗೊತ್ತದ. ಎದ್ಯಾಗ ಇಲ್ಲದ್ದು ಕಣ್ಣಾಗ ಎಲ್ಲಿಂದ ಬರ್ತದ?"

ಒಳಗಿನಿಂದ ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಬಂದು ನಿಂತಳು. "ನಾ ಇಲ್ಲೇ ಅದೀನಲ್ರಿ! ನನ್ನ ಯಾರೂ ಹೊರಗ ಹಾಕಿಲ್ಲ."

"ನಿಮ್ಮನ್ನಲ್ರಿ, ಆ ಇನ್ನೊಬ್ಬಾಕಿನ್ನ. ಹ್ಯಾಂಗ ನಡಗಾಕತ್ತಿದ್ಳು, ಪಾಪ!"

ಮಾವ ಮೆಲ್ಲಗೆ ಬಾಯಿ ಬಿಟ್ಟ. "ಖರೆ ಅದರೀ ಆಯಿ. ಅಕಿ ಖರೇನೇ ನಡಗತಿದ್ಳು. ನನಗ ದೂಡಾಕ ಕೈ ಬರಲಿಲ್ಲ. ಆ ಸೀನ್ ನಾಕ ಸಲ ತಗಿಬೇಕಾತು, ನಾಕೂ ಸಲ ತೋಯ್ದಳು. ಜ್ವರ ಬಂತು. ಮೂರ ದಿನ ದವಾಖಾನಿಗಿ ಗಂಜಿ ಒಯ್ದೆ."

"ಅಕಿ ಏನಂದ್ಳು?" ಎಂದಳು ಹುಡುಗನ ಅಜ್ಜಿ.

"ಮುಂದಿನ ಸಲ ಜೋರ್ ದೂಡಪ್ಪಾ, ಒಂದಕ್ಕೇ ಮುಗೀಲಿ ಅಂದ್ಳರಿ."

ಆ ಅಜ್ಜಿ ಮಾವನ ಮುಖವನ್ನೇ ನೋಡಿದಳು. ಆಮೇಲೆ ಅವಳ ಭುಜ ಕುಲುಕಿತು. ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು. ಆರಿದ ಚಹಾ ಒಂದೇ ಗುಟುಕಿಗೆ ಮುಗಿಸಿ, "ಹುಡುಗೀನ್ನ ಕರೀರಿ," ಎಂದಳು.

ಮದುವೆಯ ದಿನ ಆ ಅಜ್ಜಿ ಒಂದು ಗಂಟು ಹೋಳಿಗೆ ಕಟ್ಟಿ, "ಮಳ್ಯಾಗ ತೋಯ್ದಾಕಿಗಿ ಕೊಡು," ಎಂದು ಮಾವನ ಕೈಗಿಟ್ಟಳು. ಮಾವ ಅದನ್ನು ಮದ್ರಾಸಿಗೆ ಒಯ್ದು ಕೊಟ್ಟ. ಆ ನಟಿ ಮುಂದಿನ ಚಿತ್ರದಲ್ಲೂ ಅವನ ತಾಯಿಯೇ; ಅದರಲ್ಲಿ ಅವನು ಆಕೆಗೆ ಹಾಲಿನಲ್ಲಿ ವಿಷ ಬೆರೆಸಿ ಕುಡಿಸಿದ.

ಆ ಚಿತ್ರ ಹುಮನಾಬಾದಿಗೆ ಬಂದು ಹೋಗುವವರೆಗೆ ಎರಡೂ ಮನೆಯವರು ಸೇರಿ ಹುಡುಗನ ಅಜ್ಜಿಗೆ ಸುದ್ದಿ ಮುಟ್ಟದಂತೆ ನೋಡಿಕೊಂಡೆವು. ನೆಂಟರ ನಡುವೆ, ನೋಡದೆ ಬಿಟ್ಟ ಸಿನೆಮಾ ಒಂದಾದರೂ ಇರಬೇಕು.