ಅತ್ತೆ ಕೇಳಿಸಿಕೊಂಡ ಪುಟಗಳು

ಹೊಳೆನರಸೀಪುರದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನೀಲಾಂಬಿಕೆಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳುತ್ತೇನೆ. ಪಕ್ಕದ ಕೊಠಡಿಯಲ್ಲಿ ಭೌತಶಾಸ್ತ್ರ ಹೇಳುವವಳು ನಾನು.

ಎಲ್ಲೋ ದೂರದ ಯಂತ್ರಗಳಲ್ಲಿ ನಮ್ಮ ಕೆಲಸ ನಡೆಸಿಕೊಡುವ ಕ್ಲೌಡ್ ತಂತ್ರಾಂಶವೊಂದಿದೆ. ಓಪನ್ ಸೋರ್ಸ್. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಆದರೆ ಬಳಸುವುದು ಹೇಗೆಂದು ತಿಳಿಸುವ ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಹಳೇಕೋಟೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು ಅವನ್ನು ಓದುವಾಗ ಅವರ ಮುಖ ನೋಡಬೇಕಿತ್ತು. ನೀಲಾಂಬಿಕೆ ಕನ್ನಡದಲ್ಲಿ ಬರೆಯಲು ಕೂತಳು.

ಬರೆಯುವ ರೀತಿಯೇ ಬೇರೆ. ಸಂಜೆ ಅತ್ತೆ ಶಿವಗಂಗಮ್ಮ ಅವರೆಕಾಯಿ ಸುಲಿಯುತ್ತಾ ಕೂತರೆ, ಇವಳು ಒಂದೊಂದೇ ಹಂತ ಓದಿ ಹೇಳುವಳು. ಅತ್ತೆ ಕಂಪ್ಯೂಟರ್ ಮುಟ್ಟಿದವರಲ್ಲ. "ಆಮ್ಯಾಕೆ?" ಎಂದು ಆಮೇಲಿನದನ್ನು ಕೇಳಿದರೆ ಮುಂದಿನ ಹಂತಕ್ಕೆ ಹೋಗಬಹುದು. "ಅಂಗಂದ್ರೇನವ್ವಾ?" ಎಂದರೆ ಆ ಸಾಲು ಅಳಿಸಿ ಮತ್ತೆ ಬರೆಯಬೇಕು.

"ನಿಮ್ಮತ್ತೆ ಪಾಸ್ ಮಾಡೋದ್ರೊಳಗೆ ನಮ್ ಹುಡುಗ್ರು ರಿಟೈರ್ ಆಯ್ತಾರೆ ಕಣೇ" ಎಂದು ನಾನು ರೇಗಿಸುತ್ತಿದ್ದೆ. ಆದರೆ ಲ್ಯಾಬಿನಲ್ಲಿ ಆ ಪುಟ ತೆರೆದವರು ಯಾರೂ ಇನ್ನೊಬ್ಬರನ್ನು ಕೇಳಬೇಕಾಗುತ್ತಿರಲಿಲ್ಲ.

ಅರಕಲಗೂಡಿನ ರಂಜಿತಾ ಇವಳ ಶಿಷ್ಯೆ. ಅದೇ ಅತ್ತೆಯ ಎದುರು ಕೂರಿಸಿ, ಕಾಫಿ ಕೊಟ್ಟು, ಬರೆಯುವುದನ್ನು ಕಲಿಸಿದವಳು ನೀಲಾಂಬಿಕೆ. ಕನ್ನಡ ಪುಟಗಳಿಗೆ ಒಪ್ಪಿಗೆ ಕೊಡುವ ಮುಖ್ಯಸ್ಥರು ಬೇಕಾದಾಗ, "ನಂಗ್ಯಾಕೆ, ರಂಜಿತಾನೇ ಆಗ್ಲಿ" ಎಂದವಳೂ ಇವಳೇ. ಮಹಾ ಉದಾರಿ!

ಈ ವರ್ಷ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ನಿಧಿ ಎಂಬ ವಿದ್ಯಾರ್ಥಿನಿ ಪುಟ ಓದುತ್ತಾ ನಡುವೆ ನಿಂತುಬಿಟ್ಟಳು. "ಇದು ನೀವು ಬರ್ದಿರೋದಲ್ಲ ಮೇಡಂ. ಏನೂ ಅರ್ಥಾನೇ ಆಯ್ತಿಲ್ಲ."

ರಂಜಿತಾ ಹಳೆಯ ಪುಟಗಳನ್ನೆಲ್ಲ ತೆಗೆದು, ಯಂತ್ರದಿಂದ ಅನುವಾದ ಮಾಡಿಸಿದ್ದನ್ನು ಒಂದೇ ಏಟಿಗೆ ತುಂಬಿದ್ದಳು. ಕನ್ನಡದ ಕೆಲಸ ಪೂರ್ತಿ ಮುಗಿಸಿದವಳು ಎಂಬ ಹೆಸರು ಅವಳಿಗೆ ಬೇಕಿತ್ತು. ಹಳೆಯವು ಒಳಗೆಲ್ಲೋ ಉಳಿದಿರುತ್ತವಂತೆ, ವಾಪಸ್ ತರಬಹುದಂತೆ. ನೀಲಾಂಬಿಕೆ ಕೇಳಿಕೊಂಡಳು. ಒಪ್ಪಿಗೆ ಕೊಡಬೇಕಾದವಳು ರಂಜಿತಾ. ಕೊಡಲಿಲ್ಲ.

ಫೋನ್ ಮಾಡಿದರೆ ನಗುತ್ತಾ ಮಾತಾಡಿದಳು. "ಓಪನ್ ಸೋರ್ಸಲ್ಲಿ ನಿಮ್ದು ನಮ್ದು ಅಂತ ಏನೈತೆ ಮೇಡಂ? ಎಲ್ಲಾ ಪುಟಾನೂ ಒಂದೇ ಥರ ಇರ್ಲಿ ಅಂತ ಮಾಡ್ದೆ. ಹಾಸನದಲ್ಲಿ ಓಪನ್ ಸೋರ್ಸ್ ಸಭೇಲಿ ನನ್ ಭಾಷಣ ಐತೆ, ಅಜ್ಜೀನೂ ಕರ್ಕಂಡ್ ಬನ್ನಿ. ವೇದಿಕೆ ಮ್ಯಾಲೆ ನಿಮ್ ವಿಷ್ಯ ಹೇಳ್ತೀನಿ. ನಿಮ್ ಪುಟದ ಬಗ್ಗೆ ಅಲ್ಲೇ ಮಾತಾಡಾಣ."

ಹೋಗಬೇಡ ಎಂದೆ. ನೀಲಾಂಬಿಕೆ ನಂಬಿದಳು. ಶಿವಗಂಗಮ್ಮ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆಸಿ ಉಟ್ಟರು. ನಾನೂ ಜೊತೆಗೆ ಹೋದೆ.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲೇ ಕೂತೆವು. ರಂಜಿತಾ ಮೈಕ್ ಹಿಡಿದು ಹೇಳಿದಳು: "ನಾನು ಬರೆದ ಪ್ರತಿ ಸಾಲನ್ನೂ ನಮ್ಮಜ್ಜಿಗೆ ಓದಿ ಹೇಳ್ತಿದ್ದೆ. ಅವರೆಕಾಯಿ ಸುಲೀತಾ ಅಜ್ಜಿ 'ಆಮ್ಯಾಕೆ?' ಅಂದ್ರೇನೇ ನನ್ನ ಪುಟ ಪಾಸು."

ಚಪ್ಪಾಳೆ ಬಿತ್ತು. ನೀಲಾಂಬಿಕೆಯ ಹೆಸರು ಬರಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು, ಎದ್ದು ನಿಂತೆ. ನೀಲಾಂಬಿಕೆ ನನ್ನ ಕೈ ಹಿಡಿದು ಕೂರಿಸಿದಳು.

ಶಿವಗಂಗಮ್ಮ ಮಾತ್ರ ಖುಷಿಯಿಂದ ಸೊಸೆಯ ಕಡೆ ಬಾಗಿ ಕೇಳಿದರು: "ಆ ಮಗೀಗೂ ನನ್ನಂಗೇ ಒಬ್ಳು ಅಜ್ಜಿ ಅವ್ಳಾ?"

ಭಾಷಣ ಮುಗಿದ ಮೇಲೆ ರಂಜಿತಾಳ ಸುತ್ತ ಫೋಟೋಗೆ ಜನ ಮುತ್ತಿದರು. ನಮ್ಮತ್ತ ಕೈ ಬೀಸಿದಳು, ಬರಲಿಲ್ಲ. ನಾವು ಬಸ್ ಸ್ಟ್ಯಾಂಡಿಗೆ ಹೊರಟೆವು.

ಬಸ್ಸು ಹಾಸನ ದಾಟಿದ ಮೇಲೆ ನೀಲಾಂಬಿಕೆ ಬಾಯಿ ಬಿಟ್ಟಳು. "ಅತ್ತೆ, ಅವಳು ಹೇಳಿದ ಅಜ್ಜಿ ನೀವೇ. ಮಗಳ ಥರ ಮನೆ ಒಳಕ್ಕೆ ಬಿಟ್ಕೊಂಡು ಕಲಿಸ್ದೆ. ನಾವಿಬ್ರೂ ಕೂತು ಬರ್ದಿದ್ದನ್ನ ಅಳಿಸಾಕಿ, ನಿಮ್ಮನ್ನ ತನ್ನಜ್ಜಿ ಮಾಡ್ಕೊಂಡ್ಬಿಟ್ಳು. ನಂಬಿಸಿ ಮೋಸ ಮಾಡಿದ್ಳು ಅತ್ತೆ."

ಶಿವಗಂಗಮ್ಮ ರೇಷ್ಮೆ ಸೆರಗನ್ನು ಮಡಿಲಲ್ಲಿ ಮಡಚುತ್ತಾ ಕೇಳಿಸಿಕೊಂಡರು. ದಿನಾ ಸಂಜೆ ಕೇಳುವಂತೆಯೇ ಕೇಳಿದರು.

"ಆಮ್ಯಾಕೆ?"

ಮುಂದಿನ ಹಂತ ನೀಲಾಂಬಿಕೆಗೆ ಗೊತ್ತಿರಲಿಲ್ಲ. ಅತ್ತೆಯ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟಳು.