ರಂಜಕದ ಫಿರ್ಯಾದಿ

ನಾವು ಕಾಕು ಎಂದು ಕರೆಯುವ ಎದುರು ಮನೆಯಾಕೆ ನಮ್ಮವ್ವನ ರಂಜಕ ಮಾಡುವ ವಿಧಾನವನ್ನು ಮಾಸಪತ್ರಿಕೆಯೊಂದರಲ್ಲಿ ತಮ್ಮ ಹೆಸರು ಹಾಕಿ ಅಚ್ಚು ಮಾಡಿಸಿಬಿಟ್ಟರು. ಹಣ್ಣು ಮೆಣಸಿನಕಾಯಿಗೆ ಉಪ್ಪು, ಹುರಿದ ಮೆಂತ್ಯ, ಇಂಗು, ಲಿಂಬೆರಸ ಸೇರಿಸಿ ಕುಟ್ಟುವ ಆ ಖಾರಕ್ಕೆ ಧಾರವಾಡದ ನಮ್ಮ ಓಣಿಯಲ್ಲಿ ಅವ್ವನದೇ ಹೆಸರಿತ್ತು. ಅವ್ವನಿಗೆ ಓದು ಬಾರದು. ಓದಿ ಹೇಳಿದವಳು ನಾನೇ. ಬಾಯಿ ಮುಚ್ಚಿಕೊಂಡು ಇರಬಹುದಿತ್ತು.

"ಕಟ್ಟಿ ಮ್ಯಾಲ ಕೂತು ಕೇಳಿದ್ಲು, ಹೇಳಿದ್ನಿ. ಹೆಸರು ಹಾಕ್ಕೋ ಅಂತ ಹೇಳಿದ್ನೇನು?" ಎಂದು ಅವ್ವ ಕುದಿದಳು. ಹೆಸರು ಹೋದದ್ದೇ ಅವಳ ಸಂಕಟ. ಓಣಿಯ ವಕೀಲ ಕಾಕಾ ಅವರನ್ನು ಮನೆಗೆ ಕರೆಸಿದಳು.

"ಮೊದಲ ಮುದ್ದೆಮಾಲು, ಅಂದ್ರ ಕಳುವಾದ ಸಾಮಾನು, ನೋಡಬೇಕಲ್ರಿ ವೈನಿ," ಎಂದರು ಅವರು. ಮೂರು ಜೋಳದ ಭಕ್ಕರಿಯೊಡನೆ ಮುದ್ದೆಮಾಲು ಅರ್ಧ ಭರಣಿ ಖಾಲಿಯಾಯಿತು. ಆಮೇಲೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು: "ಸರಕಾರದ ಕಾಯ್ದೆ ಬರದ ಮಾತನ್ನ ಕಾಯ್ತದ, ರುಚಿನ್ನಲ್ಲ. ನಿಮ್ಮ ಬರಹ ಇದ್ದದ್ದಿದ್ಹಾಂಗ ನಕಲು ಮಾಡಿದ್ರ ದಾವಾ ಹಾಕಬಹುದಿತ್ತು. ನೀವು ಬರದದ್ದು ಎಲ್ಲದ?"

"ಬರೀಲಿಕ್ಕೆ ಬಂದಿದ್ರ ರಂಜಕ ಯಾಕ ಕುಟ್ಟತಿದ್ನಿ?"

"ಅದಿರಲಿ, ನೀವು ಯಾರ ಕಡೆ ಕಲ್ತ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವ್ವ ಸೆರಗು ಸರಿಮಾಡಿಕೊಂಡಳು. ಅಜ್ಜಿ, ಅಂದರೆ ಅವಳ ಅತ್ತೆ, ಮಡಿಯಲ್ಲಿ ರಂಜಕ ಕುಟ್ಟುವಾಗ ಯಾರನ್ನೂ ಅಡುಗೆಮನೆಗೆ ಬಿಡುತ್ತಿರಲಿಲ್ಲ.

"ಬಾಗಲಾ ಸಂದ್ಯಾಗ ಹಣಿಕಿ ಹಾಕಿ," ಎಂದಳು ಮೆಲ್ಲಗೆ.

"ಹಂಗಾರ ಮೊದಲನೇ ಆರೋಪಿ ನೀವ!" ವಕೀಲರು ನಗುತ್ತ ಕೆಮ್ಮಿದರು. ನನಗೂ ನಗು ತಡೆಯಲಿಲ್ಲ.

ಮೂಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆ ಎತ್ತದೆಯೇ ಅಂದಳು: "ಬಾಗಲಾ ಗಟ್ಟಿ ಹಾಕ್ಲಿಕ್ಕೆ ನನಗ ಬರತಿರಲಿಲ್ಲೇನು? ಕಲಸ್ತೀನಿ ಬಾ ಅಂದಿದ್ರ ಈಕಿ ಮಾರಿ ತಿರುವ್ತಿದ್ಲು. ಅದಕ್ಕ ಸಂದಿ ಬಿಟ್ಟಿದ್ನಿ. ಈಕಿ ಬಂದು ನಿಂತದ್ದು ಕಂಡ ಮ್ಯಾಲನ ಮೆಂತ್ಯ ಹಾಕತಿದ್ನಿ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ದಾವೆಯ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಯಾರಾದರೂ ಅವಳ ರಂಜಕ ಹೊಗಳಿದರೆ, "ಇದು ನಮ್ಮ ಅತ್ತಿಯವರದ್ರಿ," ಎನ್ನುತ್ತಿದ್ದಳು.