ಕ್ಲೋವರ್ ಹೊಲದ ಎದುರಿನ ಹೆಸರು

ಜಿಂಕೆ ಬೇಟೆ ಶುರುವಾಗುವ ಶನಿವಾರ ಆರ್ಡಿಸ್ ಎಂದಿನಂತೆ ಮೂರೂವರೆಗೇ ಎದ್ದಳು. ಸೌದೆ ಒಲೆಯ ಬೂದಿ ಬಾಚಿ ಬೆಂಕಿ ಹೊತ್ತಿಸಿದಳು. ಮೂರು ಫ್ಲಾಸ್ಕುಗಳಿಗೆ ಬಿಸಿನೀರು ಸುರಿದು ಬೆಚ್ಚಗೆ ಮಾಡಿ ಚೆಲ್ಲಿದಳು. ಒಂದಕ್ಕೆ ಬರೀ ಕಾಫಿ, ಒಂದಕ್ಕೆ ಹಾಲು ಬೆರೆಸಿದ ಕಾಫಿ, ಮೂರನೆಯದಕ್ಕೆ ಹಾಲಿನ ಜೊತೆ ಮೂರು ಚಮಚ ಸಕ್ಕರೆ. ಗಂಡ ಲೈಲನ ಬೂಟಿನೊಳಗೆ ಒಣಗಲೆಂದು ತುರುಕಿದ್ದ ಪತ್ರಿಕೆ ಕಾಗದ ತೆಗೆದಳು. ಆರು ಸ್ಯಾಂಡ್‌ವಿಚ್ ಸುತ್ತಿದಳು. ನಾಯಿಗೆ ಊಟ ಹಾಕಿದಳು. ಬೇಟೆಯ ಕಿತ್ತಳೆ ಬಣ್ಣದ ಅಂಗಿಗಳನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಹೊರಗೆ ಒಣಗಿಸಿ, ದೇವದಾರು ಸೊಪ್ಪಿನ ಜೊತೆ ಚೀಲದಲ್ಲಿ ಕಟ್ಟಿಟ್ಟವಳೂ ಅವಳೇ. ಈಗ ಚೀಲ ಬಿಚ್ಚಿ ಅವರವರದನ್ನು ಅವರವರ ಕುರ್ಚಿಗೆ ಹಾಕಿದಳು. ಜಿಂಕೆಗಳಿಗೆ ಮನುಷ್ಯರ ವಾಸನೆ ಸಿಗಬಾರದು. ಬೇಕನ್ ಹುರಿದ ವಾಸನೆ ಮಾತ್ರ ಪರವಾಗಿಲ್ಲ, ಯಾಕೆಂದರೆ ಅದಿಲ್ಲದೆ ಗಂಡಸರು ಏಳುವುದಿಲ್ಲ.

ಮೂರು ಕುರ್ಚಿಗಳಿಗೆ ಮೂರು ಅಂಗಿ ಹಾಕಿದ ಮೇಲೂ ಚೀಲದಲ್ಲಿ ಒಂದು ಉಳಿದಿತ್ತು.

ಪ್ಯಾನ್‌ಕೇಕಿನ ಹಿಟ್ಟು ಕಲಸುತ್ತಾ ಅವಳು ಒಲೆಯ ಪಕ್ಕದ ಗೋಡೆಯನ್ನು ನೋಡಿದಳು. ಅಲ್ಲಿ ಮಾವ ಹಾಲ್ವರ್ ಮಾಡಿಸಿದ ಕಪ್ಪು ಹಲಗೆ ಇತ್ತು. ಅದರಲ್ಲಿ ಬೇಟೆಗೆ ಕೂರುವ ನಾಲ್ಕು ಅಟ್ಟಣೆಗಳ ಹೆಸರು: ಓಕ್ ಮರ, ತೊರೆ, ದಿಬ್ಬ, ಡ್ವೇನನ ಬಟಾಣಿ. ಒಂದೊಂದರ ಎದುರಿಗೂ ಆ ಬೆಳಿಗ್ಗೆ ಅಲ್ಲಿ ಕೂರುವವನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ಒಬ್ಬರ ಹೆಸರು ಬಿದ್ದ ಅಟ್ಟಣೆಯ ಕಡೆ ಇನ್ನೊಬ್ಬರು ಸುಳಿಯುವಂತಿಲ್ಲ, ಗುಂಡಿಗೆ ಕಣ್ಣಿಲ್ಲ ಎಂಬುದು ಮಾವನ ಕಾನೂನು. ಅವನು ಸತ್ತು ಹನ್ನೊಂದು ವರ್ಷವಾದರೂ ಅದನ್ನು ಯಾರೂ ಮುರಿದಿರಲಿಲ್ಲ. ಹಲಗೆಯ ಕೊನೆಯ ಸಾಲು ಮಾತ್ರ ಸೀಮೆಸುಣ್ಣದ್ದಲ್ಲ. 'ಅಡುಗೆಮನೆ: ಆರ್ಡಿಸ್' ಎಂದು ಬಿಳಿ ಪೇಂಟಿನಲ್ಲಿತ್ತು. ಅವಳು ಮದುವೆಯಾಗಿ ವಿಸ್ಕಾನ್ಸಿನ್‌ನ ಈ ಗುಡ್ಡಗಳಿಗೆ ಬಂದ ವರ್ಷ ಮಾವ ತಮಾಷೆಗೆ ಬರೆದದ್ದು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಅದಾಗಿ ಮೂವತ್ತೊಂದು ವರ್ಷ.

'ಡ್ವೇನನ ಬಟಾಣಿ' ಎಂಬ ಹೊಲದಲ್ಲಿ ಡ್ವೇನನದು ಈಗ ಹೆಸರು ಮಾತ್ರ. ಡ್ವೇನ್ ಅವಳ ಮೈದುನ. ಜಿಂಕೆಗಳನ್ನು ಸೆಳೆಯಲು ಕಾಡಿನಂಚಿನ ಮುಕ್ಕಾಲು ಎಕರೆಯಲ್ಲಿ ಪ್ರತಿ ಆಗಸ್ಟಿನಲ್ಲೂ ಬರೀ ಬಟಾಣಿ ಬಿತ್ತುತ್ತಿದ್ದ. ಮೊಳಕೆ ಗೇಣುದ್ದ ಆಗುವಷ್ಟರಲ್ಲಿ ಜಿಂಕೆಗಳು ಬೋಳಿಸಿಬಿಡುತ್ತಿದ್ದವು. ಬೇಟೆಯ ದಿನ ಅಲ್ಲಿ ಕೂತವನಿಗೆ ಕೆಸರು ಕಾಣುತ್ತಿತ್ತು. ಮೂರು ವರ್ಷದ ಹಿಂದೆ ಲೈಲನ ಸೊಂಟದ ಆಪರೇಷನ್ ಆದಾಗ ಟ್ರ್ಯಾಕ್ಟರ್ ಕೆಲಸವೂ ಆರ್ಡಿಸಳ ಪಾಲಿಗೆ ಬಂತು. ಜೊತೆಗೆ ಆ ಹೊಲವೂ ಬಂತು.

ಮೊದಲ ಆಗಸ್ಟಿನಲ್ಲಿ ಅವಳು ತಂದಿದ್ದ ಬಟಾಣಿ, ಓಟ್ಸ್ ಮತ್ತು ಕ್ಲೋವರ್ ಎಂಬ ಮೇವಿನ ಸೊಪ್ಪಿನ ಬೀಜವನ್ನೆಲ್ಲ ಡ್ವೇನ್ ಒಂದೇ ಬಕೆಟ್ಟಿನಲ್ಲಿ ಕಲಸಲೆಂದು, ಬೇರಿಗೆ ಗಂಟು ಕಟ್ಟಿಸುವ ಜೀವಾಣುವಿನ ಕಪ್ಪು ಪುಡಿಯ ಪೊಟ್ಟಣವೊಂದನ್ನು ಹರಿಯಲು ಹೊರಟಿದ್ದ.

"ಅದು ಕ್ಲೋವರಿನ ಪುಡಿ ಕಣೋ. ಬಟಾಣಿಗೆ ಬೇರೆ ಇದೆ," ಎಂದಳು ಆರ್ಡಿಸ್.

"ಕಾಳು ಅಂದ್ರೆ ಕಾಳು, ಅತ್ತಿಗೆ. ಪುಡಿ ಅಂದ್ರೆ ಪುಡಿ."

"ನಿನ್ನ ಹಲ್ಲುಸೆಟ್ಟು ನಿಮ್ಮಣ್ಣನ ಬಾಯಿಗೆ ಕೂರತ್ತಾ? ಹೋದ ಸಲ ನಿನ್ನ ಬಟಾಣಿ ಯಾಕೆ ಹಳದಿ ಆಯ್ತು ಅಂದ್ಕೊಂಡೆ?"

ಅವನು ಪೊಟ್ಟಣವನ್ನು ಅಲ್ಲೇ ಬಿಸಾಕಿ ಮೀನು ಹಿಡಿಯಲು ಹೋದ. ಅವಳು ಎರಡು ಬಕೆಟ್ ತಂದಳು. ಸಕ್ಕರೆ ನೀರು ಚಿಮುಕಿಸಿ ಬಟಾಣಿಗೆ ಬಟಾಣಿಯ ಪುಡಿ, ಕ್ಲೋವರಿಗೆ ಕ್ಲೋವರಿನದು ಅಂಟಿಸಿದಳು. ಓಟ್ಸನ್ನೂ ಬಟಾಣಿಯನ್ನೂ ಮೊದಲು ಆಳಕ್ಕೆ ಬಿತ್ತಿದಳು. ಹಳೆಯ ಮಂಚದ ಸ್ಪ್ರಿಂಗನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ನೆಲ ಸಮ ಮಾಡಿದಳು. ಸಾಸಿವೆಗಿಂತ ಸಣ್ಣದಾದ ಕ್ಲೋವರ್ ಬೀಜವನ್ನು ಕೊನೆಗೆ ಮೇಲೆಯೇ ಎರಚಿ, ಉರುಳೆ ಓಡಿಸಿ ಒತ್ತಿದಳು. ಹೂತರೆ ಅದು ಮೇಲೆ ಬರುವುದಿಲ್ಲ. ಓಟ್ಸ್ ಎದ್ದಿತು, ಬಟಾಣಿ ಅದನ್ನು ಹಿಡಿದು ಹತ್ತಿತು. ಜಿಂಕೆಗಳು ಮೇಲಿನ ಬಟಾಣಿಯನ್ನು ಮೇಯುತ್ತಿರುವಾಗ ಅಡಿಯಲ್ಲಿ ಕ್ಲೋವರ್ ಬೇರಿಳಿಸಿತು. ಮರುವರ್ಷದಿಂದ ಅದು ತಾನಾಗಿಯೇ ಏಳುತ್ತಿದೆ. ಅವಳು ಪಕ್ಕದ ಪಟ್ಟಿಯಲ್ಲಷ್ಟೇ ಓಟ್ಸ್, ಬಟಾಣಿ ಹೊಸದಾಗಿ ಬಿತ್ತುತ್ತಾಳೆ. ಹೊಲದ ನಡುವೆ ಜಿಂಕೆ ಬಾಯಿ ಹಾಕಲಾಗದ ತಂತಿಯ ಪುಟ್ಟ ಪಂಜರವೊಂದನ್ನು ನಿಲ್ಲಿಸಿದ್ದಾಳೆ. ಅದರೊಳಗೆ ಮೊಣಕಾಲುದ್ದದ ಪೈರು, ಹೊರಗೆ ಬೆರಳುದ್ದದ್ದು. ಎಷ್ಟು ಜಿಂಕೆ ಬಂದು ಹೋದವು ಎಂದು ಅವಳು ಯಾರನ್ನೂ ಕೇಳಬೇಕಾಗಿಲ್ಲ.

ಈಗ ಆ ಅಟ್ಟಣೆಗಾಗಿ ಗಂಡಸರು ಕಿತ್ತಾಡುತ್ತಾರೆ. ಬೇಟೆಯ ಹಿಂದಿನ ಸಂಜೆ ಖಾಲಿ ತೋಟಾಗಳ ಮೇಲೆ ಹೆಸರು ಬರೆದು, ಕಾಫಿ ಡಬ್ಬಿಗೆ ಹಾಕಿ, ಚೀಟಿ ಎತ್ತಿದಂತೆ ಎತ್ತುತ್ತಾರೆ. ನಿನ್ನೆ ಸಂಜೆ ಲೈಲ್, ಡ್ವೇನ್ ಮತ್ತು ಡ್ವೇನನ ಅಳಿಯ ಕರ್ಟ್ ಮೂವರೂ ಡಬ್ಬಿಯ ಸುತ್ತ ಕೂತಿದ್ದಾಗ ಆರ್ಡಿಸ್ ತಟ್ಟೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ನಾಲ್ಕನೆಯ ತೋಟಾ ಹಾಕಿದಳು. ಅದರ ಮೇಲೆ ಉಗುರುಬಣ್ಣದಲ್ಲಿ ಅವಳ ಹೆಸರಿತ್ತು.

"ಅತ್ತಿಗೆ, ನಿಮ್ಗೆ ಲೈಸೆನ್ಸ್ ಬೇಕಾಗತ್ತೆ," ಎಂದು ಕರ್ಟ್ ನಕ್ಕ. ತನ್ನ ಮಾವ ಡ್ವೇನನನ್ನು ನೋಡಿ ಅವನೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ.

ಅವಳು ಏಪ್ರನ್ ಜೇಬಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು. ಅಕ್ಟೋಬರಿನಲ್ಲೇ ಕೊಂಡದ್ದು.

"ಇರ್ಲಿ ಬಿಡಿ, ಎತ್ತೋಣ," ಎಂದು ಡ್ವೇನ್ ಡಬ್ಬಿ ಕುಲುಕಿದ. "ಯಾವ್ದಕ್ಕೆ ಮೊದ್ಲು? ನನ್ನ ಬಟಾಣಿಗೇ." ಕೈ ಹಾಕಿ ತೆಗೆದ. ಉಗುರುಬಣ್ಣದ ತೋಟಾ ಬಂತು.

ಡ್ವೇನ್ ಅದನ್ನು ಬೆರಳಲ್ಲಿ ತಿರುಗಿಸಿದ. "ಇದು ತಮಾಷೆಗೆ ಹಾಕಿದ್ದು. ಮತ್ತೆ ಎತ್ತೋಣ."

"ತಮಾಷೆಗಲ್ಲ," ಎಂದಳು ಆರ್ಡಿಸ್. "ನಾಲ್ಕು ಅಟ್ಟಣೆ ಇದೆ, ನಾಲ್ಕು ಜನ ಇದೀವಿ. ಪ್ರತಿವರ್ಷ ಒಂದು ಖಾಲಿ ಬಿದ್ದಿರತ್ತೆ."

"ಹಂಗಾದ್ರೆ ತಿಂಡಿ ಯಾರು ಮಾಡ್ತಾರೆ?" ಎಂದ ಡ್ವೇನ್.

"ಬಿತ್ತೋವಾಗ ಈ ಪ್ರಶ್ನೆ ಕೇಳ್ಲಿಲ್ಲ ನೀನು."

"ಜಿಂಕೆ ಬಂದ್ರೆ ನಿಮ್ಗೆ ಪಾಪ ಅನ್ಸತ್ತೆ ಅತ್ತಿಗೆ. ಹೆಸರಿಟ್ಟು ಕರೀತೀರ," ಎಂದ ಕರ್ಟ್.

"ಮೂವತ್ತೊಂದು ವರ್ಷದಿಂದ ನೀವು ಹೊಡ್ಕೊಂಡು ಬಂದಿದ್ದನ್ನ ಕೊಯ್ದು ಸಾಸೇಜು ಮಾಡ್ತಿರೋಳು ನಾನು. ನಂಗೆ ಪಾಪ ಅನ್ಸತ್ತಾ?"

ಅವಳು ಗಂಡನ ಮುಖ ನೋಡಿದಳು. ಲೈಲ್ ಕೆಟ್ಟವನಲ್ಲ. ಸೊಂಟ ಸವರಿಕೊಂಡು, "ಮುಂದಿನ ವರ್ಷ ನೋಡೋಣ ಆರ್ಡಿಸ್. ಈ ಸಲ ಎಲ್ಲಾ ನಿರ್ಧಾರ ಆಗಿಬಿಟ್ಟಿದೆಯಲ್ಲ," ಎಂದ. ಡ್ವೇನ್ ಅವಳ ತೋಟಾವನ್ನು ಪಕ್ಕಕ್ಕಿಟ್ಟು ಉಳಿದ ಮೂರನ್ನೇ ಮತ್ತೆ ಎತ್ತಿದ. ತನಗೆ ಬೇಕಾದದ್ದು ತನಗೇ ಬಂತು. ಎದ್ದು ಹೋಗಿ ಹಲಗೆಯ ಮೇಲೆ ದೊಡ್ಡದಾಗಿ ಹೆಸರು ಬರೆದ. ತೊರೆಯ ಅಟ್ಟಣೆಯ ಎದುರು ಈ ಸಲವೂ ಏನೂ ಬರೆಯಲಿಲ್ಲ. ಆರ್ಡಿಸ್ ತನ್ನ ತೋಟಾ ಎತ್ತಿಕೊಂಡು ಹೋಗಿ ಪಾತ್ರೆ ತೊಳೆದಳು.

ಈಗ ಒಲೆಯ ಮೇಲೆ ಹೆಂಚು ಕಾದಿತ್ತು. ಹಿಟ್ಟು ಸಿದ್ಧವಿತ್ತು. ನಾಲ್ಕೂವರೆಗೆ ಅಲಾರಾಂ ಬಡಿದುಕೊಳ್ಳಲು ಇಪ್ಪತ್ತು ನಿಮಿಷ ಬಾಕಿ. ಜೇಬಿನಲ್ಲಿದ್ದ ತೋಟಾವನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು.

ಹೆಂಚನ್ನು ಕೆಳಗಿಳಿಸಿದಳು. ಹಿಟ್ಟಿನ ಮೇಲೆ ತಟ್ಟೆ ಮುಚ್ಚಿದಳು. ಒದ್ದೆ ಬಟ್ಟೆಯಿಂದ ಡ್ವೇನನ ಹೆಸರನ್ನು ಒರೆಸಿ, ತೊರೆಯ ಎದುರಿಗೆ ನೀಟಾಗಿ ಬರೆದಳು. 'ಡ್ವೇನನ ಬಟಾಣಿ'ಯನ್ನೂ ಒರೆಸಿ 'ಕ್ಲೋವರ್ ಹೊಲ' ಎಂದು ಮಾಡಿದಳು. ಅದರ ಎದುರಿಗೆ 'ಆರ್ಡಿಸ್' ಎಂದು ಬರೆದಳು. ಹಲಗೆಯ ಮೇಲೆ ಬಿದ್ದ ಹೆಸರಿನ ಹತ್ತಿರ ಇನ್ನು ಯಾರೂ ಸುಳಿಯುವಂತಿರಲಿಲ್ಲ.

ಕೊನೆಯ ಸಾಲು ಒದ್ದೆ ಬಟ್ಟೆಗೆ ಬಗ್ಗಲಿಲ್ಲ. ಅವಳು ಪ್ಯಾನ್‌ಕೇಕ್ ಮಗುಚುವ ಕಬ್ಬಿಣದ ಸಟ್ಟುಗ ತೆಗೆದುಕೊಂಡು ಪೇಂಟನ್ನು ಕೆರೆದಳು.

"ಏನದು ಸದ್ದು?" ಮಲಗುವ ಕೋಣೆಯಿಂದ ಲೈಲನ ದನಿ ಬಂತು.

"ಹಲಗೆ ಕೆರೀತಿದೀನಿ."

ಅವನು ಮಗ್ಗುಲು ಬದಲಿಸಿದ, ಮಂಚ ಕಿರುಗುಟ್ಟಿತು. ಅವಳ ಹೆಸರು ಪುಡಿಯಾಗಿ ನೆಲಕ್ಕುದುರಿತು. 'ಅಡುಗೆಮನೆ' ಎಂಬುದರ ಎದುರು ಬರೀ ಕಪ್ಪು ಮರ ಉಳಿಯಿತು. ಅಲ್ಲಿ ಅವಳು ಯಾರ ಹೆಸರನ್ನೂ ಬರೆಯಲಿಲ್ಲ. ಸೀಮೆಸುಣ್ಣವನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಅಂಚಿನಲ್ಲಿಟ್ಟಳು. ಚೀಲದಲ್ಲಿ ಉಳಿದಿದ್ದ ಕಿತ್ತಳೆ ಅಂಗಿ ತೊಟ್ಟು, ಅಪ್ಪನ ಕಾಲದ ಕೋವಿ ತೆಗೆದುಕೊಂಡು, ಹಾಲೂ ಸಕ್ಕರೆಯೂ ಇಲ್ಲದ ಕಾಫಿಯ ಫ್ಲಾಸ್ಕನ್ನು ಕಂಕುಳಲ್ಲಿ ಹಿಡಿದು ಹೊರಟಳು.